ಒಣ ಕೋಣೆ

ಪಾರ್ವತೆವ್ವ ಧಾರವಾಡದಲ್ಲಿ ಮೂವತ್ತೊಂದು ವರ್ಷ ಖಾನಾವಳಿ ನಡೆಸಿದ ಹೆಂಗಸು. ಕಾಲೇಜು ಹುಡುಗರಿಗೆ ರೊಟ್ಟಿ ಬಡಿದು ಬಡಿದೇ ಮಗನನ್ನು ಎಲುಬಿನ ಡಾಕ್ಟರ್ ಮಾಡಿದಳು, ಮಗಳನ್ನು ಪಕ್ಕದ ಓಣಿಗೇ ಮದುವೆ ಮಾಡಿ ಕೊಟ್ಟಳು. ಜಾಗ ಖಾಲಿ ಮಾಡಿಸಲು ಬಂದ ಮಾಲಕನಿಗೂ ಹೆದರಲಿಲ್ಲ, ಕುಡಿದು ಬಂದು ತಾಟು ಎಸೆದವನಿಗೂ ಹೆದರಲಿಲ್ಲ. ಇಂಥವಳು ಎಪ್ಪತ್ತನೆಯ ವಯಸ್ಸಿನಲ್ಲಿ ಲಂಡನ್ನಿಗೆ ಬಂದು ಒಂದು ಗೋಡೆಯ ಕೈಯಲ್ಲಿ ಸಿಕ್ಕಿಬಿದ್ದಳು ಅಂದರೆ ಅವಳ ಓಣಿಯಲ್ಲಿ ಯಾರೂ ನಂಬಲಿಕ್ಕಿಲ್ಲ.

ನವೆಂಬರ್ ಕೊನೆಗೆ ಆಕೆ ಎಜ್‌ವೇರಿನ ಮಗನ ಮನೆಗೆ ಬಂದಳು. ಆರು ತಿಂಗಳ ವೀಸಾ. ಏಪ್ರಿಲ್‌ನಲ್ಲಿ ಮೊಮ್ಮಗಳು ನಿಖಿತಾಳಿಗೆ ಒಂಬತ್ತು ತುಂಬುತ್ತದೆ, ಅದನ್ನು ಮುಗಿಸಿಕೊಂಡು ಮೇ ತಿಂಗಳಲ್ಲಿ ಹೋಗುವುದು ಎಂದು ಟಿಕೆಟ್ಟಾಗಿತ್ತು. ಮೇಲಂತಸ್ತಿನಲ್ಲಿ ಮೂರು ಕೋಣೆ. ಮುಂದಿನದು ಮಗ ಉಮಾಶಂಕರ ಮತ್ತು ಸೊಸೆ ಬೃಂದಾಳದು, ಹಿಂದಿನದು ನಿಖಿತಾಳದು, ನಡುವಿನದನ್ನು ಆಕೆಗೆ ಬಿಟ್ಟುಕೊಟ್ಟಿದ್ದರು. ಬೆಚ್ಚಗಿನ, ಅಚ್ಚುಕಟ್ಟಾದ ಕೋಣೆ. ಆಕೆಗೆ ಮನಸ್ಸಿಗೆ ಬಂತು.

ಆದರೆ ಮೊಮ್ಮಗಳ ಕೋಣೆಗೆ ಹೋದಾಗ ಆಕೆಯ ಹುಬ್ಬು ಗಂಟಿಕ್ಕಿತು. ಮಂಚವನ್ನು ಗೋಡೆಗೆ ತಾಗಿಸದೆ ಕೋಣೆಯ ನಟ್ಟನಡುವೆ ಹಾಕಿದ್ದರು. ಮೂಲೆಯಲ್ಲಿ ನೆಲದಿಂದ ಎದೆಮಟ್ಟದವರೆಗೆ ಕಪ್ಪು ಬೂಷ್ಟು ಹಬ್ಬಿತ್ತು. ಕೈಯಿಟ್ಟರೆ ಗೋಡೆ ತಣ್ಣಗೆ ಜಿನುಗುತ್ತಿತ್ತು. ಹುಡುಗಿ ಮಾತಿಗೊಮ್ಮೆ ಕೆಮ್ಮುತ್ತಿದ್ದಳು, ಕೆಮ್ಮಿದಾಗಲೆಲ್ಲ ಉಬ್ಬಸದ ನೀಲಿ ಪಂಪು ಬಾಯಿಗಿಟ್ಟು ಔಷಧ ಎಳೆದುಕೊಳ್ಳುತ್ತಿದ್ದಳು.

"ಏನೋ ಇದು ಬೂರಸು?" ಎಂದು ಆಕೆ ಮಗನನ್ನು ಕೇಳಿದಳು.

"ಇಲ್ಲೆ ಗ್ವಾಡಿ ಎರಡು ಪದರ ಇರ್ತಾವವ್ವ," ಎಂದ ಉಮಾಶಂಕರ. "ನಡಕ ಖಾಲಿ ಜಾಗಾ ಬಿಟ್ಟಿರ್ತಾರ. ಹೊರಗಿಂದು ಮಳ್ಯಾಗ ತೊಯ್ದ್ರೂ ಒಳಗಿಂದು ಒಣಾ ಇರ್ಲಿ ಅಂತ. ನಮಗ ಮನಿ ಮಾರಿದವ್ರು ಬೆಚ್ಚಗಿರತೈತಿ ಅಂತ ಆ ಖಾಲಿ ಜಾಗಾದಾಗ ಹತ್ತಿಯಂಥಾದ್ದು ತುಂಬಿಸ್ಯಾರ. ಈಗ ಅದು ಮಳಿ ನೀರು ಕುಡದು ಕುಂತೈತಿ."

"ಅಂದ್ರ ತೊಯ್ದ ಗಾದಿ ತಂದು ಗ್ವಾಡ್ಯಾಗ ತುರುಕಿದಂಗಾತು."

"ಹೂಂ, ಅದ ನೋಡು."

"ಮತ್ತ ತಗಸಪಾ. ಕೂಸು ಹಿಂಗ ಕೆಮ್ಮಾಕತ್ತೈತಿ."

ತೆಗೆಸುವುದು ಅಷ್ಟು ಸುಲಭವಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತುಂಬಿಸಿದ ಕಂಪನಿ ಯಾವತ್ತೋ ಬಾಗಿಲು ಹಾಕಿಕೊಂಡು ಹೋಗಿತ್ತು. ಉಳಿದದ್ದು ಇಪ್ಪತ್ತೈದು ವರ್ಷದ ಗ್ಯಾರಂಟಿ ಕಾಗದವೊಂದು, ಅದನ್ನು ಬೇರೊಂದು ಕಂಪನಿ ನೋಡಿಕೊಳ್ಳುತ್ತಿತ್ತು. ಅವರು ಒಪ್ಪಿದರೆ ಅವರೇ ಬಂದು ಗೋಡೆಯ ಹೊಟ್ಟೆ ಖಾಲಿ ಮಾಡಿಕೊಡಬೇಕು. ಅವರನ್ನು ಬಿಟ್ಟು ತಾವೇ ಕೈ ಹಾಕಿದರೆ ಗ್ಯಾರಂಟಿ ರದ್ದು, ಆಮೇಲೆ ಗೋಡೆ ಏನಾದರೂ ಕೇಳುವವರಿಲ್ಲ. ಮಾರಿ ಬೇರೆ ಕಡೆ ಹೋಗೋಣವೆಂದು ಎರಡು ಸಲ ಬೋರ್ಡು ಹಾಕಿದ್ದರು. ಕೊಳ್ಳುವವರ ಕಡೆಯ ಸರ್ವೆಯವನು ಗೋಡೆಗೆ ತೇವ ಅಳೆಯುವ ಮೀಟರ್ ಚುಚ್ಚಿದ ಮರುದಿನವೇ ಗಿರಾಕಿ ನಾಪತ್ತೆ. ಊರ ಮಂದಿಯ ಮುರಿದ ಎಲುಬು ಕೂಡಿಸುವ ಡಾಕ್ಟರನಿಗೆ ಸ್ವಂತ ಮನೆ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಡಿಸೆಂಬರಿನಲ್ಲಿ ಕಂಪನಿಯಿಂದ ಮೊದಲ ಉತ್ತರ ಬಂತು. ಬೃಂದಾ ಊಟದ ಹೊತ್ತಿಗೆ ಫೋನಿನಲ್ಲಿ ಅದನ್ನು ಓದಿದಳು. ಮೈಸೂರಿನ ಹುಡುಗಿ, ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ, ಮಾತು ಮೆಲ್ಲಗೆ, ಸಿಟ್ಟು ಬಂದರೆ ಇನ್ನೂ ಮೆಲ್ಲಗೆ.

"ಏನಂತ ಬರದಾನ?" ಎಂದಳು ಪಾರ್ವತೆವ್ವ.

"ಗೋಡೆದೇನೂ ತಪ್ಪಿಲ್ವಂತೆ ಅತ್ತೆ. ನಾವು ಬದುಕೋ ರೀತಿಯಿಂದ ಹೀಗಾಗಿರ್ಬಹುದು ಅಂತಾರೆ. ಅಡಿಗೆ, ಸ್ನಾನ, ಬಟ್ಟೆ ಒಣಹಾಕೋದು, ಇದೆಲ್ಲಾ. ಆದ್ರೂ ಜನವರೀಲಿ ಒಬ್ರು ಇನ್‌ಸ್ಪೆಕ್ಟರನ್ನ ಕಳಿಸ್ತಾರಂತೆ."

"ನಾವು ಹೊಲಸು ಮಂದಿ ಅಂತ ಬರದಾನೇನು?"

"ಹಾಗಲ್ಲ ಅತ್ತೆ..."

"ಹಂಗಲ್ಲಂದ್ರ ಮತ್ತ ಹ್ಯಾಂಗ?" ಎಂದು ಆಕೆ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಳಿಸಿದಳು. ಅವತ್ತು ಆಕೆಗೆ ಊಟ ಸೇರಲಿಲ್ಲ. ಒಲೆಯ ಕಟ್ಟೆಯಲ್ಲಿ ಮುಖ ಕಾಣುವಂತೆ ಒರೆಸಿಟ್ಟು ಮೂವತ್ತೊಂದು ವರ್ಷ ಬಾಳಿದವಳಿಗೆ ಯಾರೋ ಮುಖ ನೋಡದವನು ಹೊಲಸು ಎಂದಿದ್ದ. ಈ ಮಾತು ಆಕೆಯ ಎದೆಯಲ್ಲಿ ಮುಳ್ಳಾಗಿ ಕೂತಿತು.

ಇನ್‌ಸ್ಪೆಕ್ಟರ್ ಬರುವ ದಿನ ಗೊತ್ತಾದ ಮೇಲೆ ಬೃಂದಾ ಹೇಳಿದಳು, "ಅತ್ತೆ, ಅವರು ಬಂದು ಹೋಗೋವರೆಗೂ ದಯವಿಟ್ಟು ಆ ಗೋಡೆ ಮುಟ್ಟಬೇಡಿ. ಒರೆಸೋದು ಗಿರೆಸೋದು ಏನೂ ಬೇಡ."

ಇಲ್ಲೇ ಎಡವಟ್ಟಾಯಿತು. ಬೃಂದಾ ಬೇಡವೆಂದಳೇ ಹೊರತು ಯಾಕೆ ಬೇಡವೆಂದು ಹೇಳಲಿಲ್ಲ. ಇಷ್ಟು ಸಾದಾ ಸಂಗತಿ ಯಾರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಳೇನೋ. ಪಾರ್ವತೆವ್ವನ ಲೆಕ್ಕ ಬೇರೆ. ಮೈಸೂರು ಕಡೆಯವರು ಕಾಫಿಯನ್ನು ಮೂರು ಸಲ ಬೇಡವೆಂದು ನಾಲ್ಕನೆಯ ಸಲಕ್ಕೆ ಕುಡಿಯುವವರು ಎಂಬುದು ಬೀಗತಿಯ ಮನೆಯಲ್ಲಿ ಆಕೆ ಕಣ್ಣಾರೆ ಕಂಡದ್ದು. ವಯಸ್ಸಾದ ಅತ್ತೆಯಿಂದ ಗೋಡೆ ತಿಕ್ಕಿಸಬಾರದೆಂದು ಸೊಸೆ ಮರ್ಯಾದೆಗೆ ಹೇಳುತ್ತಿದ್ದಾಳೆ ಎಂದುಕೊಂಡಳು. ಒಳ್ಳೆಯ ಹುಡುಗಿ ಎಂದು ಮನಸ್ಸಿನಲ್ಲೇ ಮೆಚ್ಚಿಯೂ ಬಿಟ್ಟಳು.

ಇನ್‌ಸ್ಪೆಕ್ಟರ್ ಎಂಬ ಪ್ರಾಣಿ ಆಕೆಗೆ ಹೊಸದಲ್ಲ. ಖಾನಾವಳಿಗೆ ವರ್ಷಕ್ಕೊಮ್ಮೆ ಮುನ್ಸಿಪಾಲಿಟಿಯಿಂದ ಒಬ್ಬ ಬರುತ್ತಿದ್ದ. ಹಿಂದಿನ ದಿನವೇ ಅಡಿಗೆಮನೆಗೆ ಸುಣ್ಣ ಬಳಿಯಬೇಕು, ತಾಮ್ರದ ಹಂಡೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು, ಬಂದವನನ್ನು ಮಣೆ ಹಾಕಿ ಕೂಡಿಸಿ ಹಂಚಿನ ಮೇಲಿನ ರೊಟ್ಟಿ ನೇರ ಅವನ ತಾಟಿಗೆ ಬೀಳುವಂತೆ ನೋಡಿಕೊಳ್ಳಬೇಕು. ಅವನು ಮಜ್ಜಿಗೆ ಕುಡಿದು ಏಳುವಷ್ಟರಲ್ಲಿ ಲೈಸೆನ್ಸಿಗೆ ಸಹಿ ಬಿದ್ದಿರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಧಾರವಾಡವೇನು, ಲಂಡನ್ನೇನು, ಇನ್‌ಸ್ಪೆಕ್ಟರನಿಗೂ ಒಂದು ಹೊಟ್ಟೆ ಇರುತ್ತದಲ್ಲ.

ಕಂಪನಿಯವನು ಬರುವುದು ಮಧ್ಯಾಹ್ನ ಒಂದರ ಮೇಲೆ ಎಂದಿತ್ತು. ಉಮಾಶಂಕರನಿಗೆ ಆಪರೇಷನ್ನುಗಳ ಸಾಲು. ಬೃಂದಾ ಮನೆಯಿಂದಲೇ ಕೆಲಸ ಮಾಡುವವಳಿದ್ದಳು, ಬೆಳಿಗ್ಗೆ ಆಫೀಸಿನಿಂದ ಕರೆ ಬಂದು, ಹನ್ನೆರಡೂವರೆಗೆಲ್ಲ ಬಂದುಬಿಡುತ್ತೇನೆಂದು ನಿಖಿತಾಳನ್ನು ಶಾಲೆಗೆ ಬಿಟ್ಟು ಟ್ಯೂಬ್ ರೈಲು ಹಿಡಿದು ಓಡಿದಳು. ಬಾಗಿಲು ಮುಚ್ಚಿದ್ದೇ ತಡ, ಪಾರ್ವತೆವ್ವ ಸೆರಗು ಸೊಂಟಕ್ಕೆ ಕಟ್ಟಿದಳು.

ಬಚ್ಚಲಿನ ಬ್ಲೀಚ್ ಸುರಿದು, ಪಾತ್ರೆ ತಿಕ್ಕುವ ಬ್ರಶ್ಶಿನಿಂದ ಬೂಷ್ಟನ್ನು ಬುಡಸಹಿತ ಕಿತ್ತಳು. ಕಣ್ಣು ಉರಿಯಿತು, ಉಸಿರು ಕಟ್ಟಿತು, ಬಿಡಲಿಲ್ಲ. ಮುಂದಿನ ಕೋಣೆಯ ಮೂಲೆಯನ್ನೂ ಹಾಗೆಯೇ ತಿಕ್ಕಿದಳು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಿಳಿ ಬಣ್ಣದ ಡಬ್ಬ ಇರುವುದನ್ನು ಆಕೆ ಎಂದೋ ನೋಡಿಟ್ಟಿದ್ದಳು. ಹನ್ನೊಂದರ ಹೊತ್ತಿಗೆ ಎರಡೂ ಕೋಣೆಯ ಗೋಡೆ ಮದುವೆ ಮನೆಯ ಗೋಡೆಯಂತೆ ಬೆಳ್ಳಗಾದವು. ಸೊಂಟ ಹಿಡಿದುಕೊಂಡು ನಿಂತು ನೋಡಿದಳು. ಈಗ ಅನ್ನಲಿ ಹೊಲಸು ಮಂದಿ ಅಂತ, ಯಾರು ಅಂತಾರ ನೋಡೂಣು.

ಆಮೇಲೆ ಅಡಿಗೆಗೆ ನಿಂತಳು. ಒಂದು ಒಲೆಯ ಮೇಲೆ ಎಣ್ಣೆಗಾಯಿ, ಒಂದರ ಮೇಲೆ ಬೇಳೆ, ಇನ್ನೊಂದರ ಮೇಲೆ ಕಡುಬು, ಕೊನೆಯದರ ಮೇಲೆ ರೊಟ್ಟಿಯ ಹಂಚು. ಮಳೆಯಿಂದ ಅಂಗಿಗಳು ಒಣಗಿರಲಿಲ್ಲವೆಂದು ಹೀಟರುಗಳ ಮೇಲೆ ಹರವಿದ್ದಳು. ಕಿಟಕಿಯ ಗಾಜಿನ ಮೇಲೆ ಹಬೆ ನೀರಾಗಿ ಇಳಿಯತೊಡಗಿತು. ಅಷ್ಟರಲ್ಲೇ ಬಾಗಿಲ ಗಂಟೆ ಬಡಿಯಿತು. ಇಲ್ಲಿಯವರು ಹೇಳಿದ ಹೊತ್ತಿಗೇ ಬರುತ್ತಾರೆ ಎಂಬ ಮಾತು ಸುಳ್ಳು, ಅವನು ಒಂದು ತಾಸು ಮೊದಲೇ ಬಂದಿದ್ದ.

ಎತ್ತರದ, ಸಂಭಾವಿತ ಮುಖದ ಹುಡುಗ. ಬಾಗಿಲಲ್ಲೇ ಬೂಟು ಕಳಚಿದ. ಒಳಗೆ ಬರುತ್ತಿದ್ದಂತೆ ಅವನ ಕನ್ನಡಕ ಮಂಜಾಯಿತು, ಒರೆಸಿಕೊಂಡು ನಕ್ಕ. ಆಕೆ ಕೈಸನ್ನೆಯಲ್ಲೇ ಮೇಲೆ ಕರೆದೊಯ್ದು ಗೋಡೆ ತೋರಿಸಿದಳು. ಅವನು ಮೀಟರ್ ಇಟ್ಟ, ಅದು ಕಿರುಚಿತು. ಬೆರಳು ಮುಟ್ಟಿಸಿ ನೋಡಿದ, ಬೆರಳು ಬೆಳ್ಳಗಾಯಿತು. ಏನೋ ಬರೆದುಕೊಂಡ. ಅಡಿಗೆಮನೆಯ ಫೋಟೋ ತೆಗೆದ, ಹೀಟರ್ ಮೇಲಿನ ಅಂಗಿಗಳ ಫೋಟೋ ತೆಗೆದ. ಆಮೇಲೆ ಆಕೆ ಕೈ ಹಿಡಿದು ಕೂಡಿಸಿದ್ದಕ್ಕೆ ಬೇಡವೆನ್ನಲಾಗದೆ ಎರಡು ರೊಟ್ಟಿ, ಒಂದು ಕಡುಬು ತಿಂದ. ಬೃಂದಾ ಓಡೋಡಿ ಬಾಗಿಲು ತೆಗೆದಾಗ ಅವನು ಸಿಂಕಿನಲ್ಲಿ ಕೈ ತೊಳೆಯುತ್ತಿದ್ದ.

ಅವನು ಹೋದ ಮೇಲೆ ಬೃಂದಾ ಮೇಲೆ ಹೋದಳು. ಪಾರ್ವತೆವ್ವ ಹಿಂದೆಯೇ ಹೋದಳು. ಸೊಸೆ ಹಿಂದಿನ ಕೋಣೆಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಬಿಳಿ ಗೋಡೆಯನ್ನು ನೋಡುತ್ತ ನಿಂತಿದ್ದಳು.

"ಹ್ಯಾಂಗಾಗೈತಿ?" ಎಂದಳು ಪಾರ್ವತೆವ್ವ.

"ತುಂಬಾ ಕಷ್ಟಪಟ್ಟಿದೀರಿ ಅತ್ತೆ," ಎಂದಳು ಬೃಂದಾ, ತಿರುಗಿ ನೋಡದೆ. "ಹೋಗಿ ಸ್ವಲ್ಪ ಮಲಗಿಕೊಳ್ಳಿ."

ಮೂರು ವಾರಕ್ಕೆ ಕಂಪನಿಯ ನಿರ್ಧಾರ ಬಂತು. ಗಂಡ ಹೆಂಡತಿ ಹಾಲಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು, ಪಾರ್ವತೆವ್ವ ಒಳಗೆ ಬಂದೊಡನೆ ಸುಮ್ಮನಾದರು. ಏನಾಯಿತೆಂದು ಕೇಳಿದರೆ "ಇನ್ನೂ ನೋಡ್ತಾರಂತ, ಹೊತ್ತು ಹಿಡಿತೈತಿ" ಎಂದ ಮಗ. ಅಂದಿನಿಂದ ಮನೆಯಲ್ಲಿ ಯಾರೂ ಯಾರಿಗೂ ಗದರಲಿಲ್ಲ. ಬೃಂದಾ ಹೊತ್ತಿಗೆ ಸರಿಯಾಗಿ ಚಹಾ ತಂದುಕೊಡುತ್ತಿದ್ದಳು, "ಮಾತ್ರೆ ತಗೊಂಡ್ರಾ ಅತ್ತೆ" ಎಂದು ಕೇಳುತ್ತಿದ್ದಳು. ಇಷ್ಟು ಮರ್ಯಾದೆ ಪಾರ್ವತೆವ್ವನಿಗೆ ಒಗ್ಗಲಿಲ್ಲ. ಹೊರಗೆ ಹೋಗೋಣವೆಂದರೆ ಹೊರಗೆಲ್ಲ ಮಳೆ, ಮುಚ್ಚಿದ ಬಾಗಿಲುಗಳ ಸಾಲು. ದಿನವಿಡೀ ಒಬ್ಬಳೇ ಕೂತು ತಾನು ಮಾಡಿದ ತಪ್ಪೇನೆಂದು ಹುಡುಕುತ್ತಿದ್ದಳು.

ಕಡೆಗೆ ಹೇಳಿದವಳು ನಿಖಿತಾ. ಶಾಲೆಯಿಂದ ಬಂದು ಅವಲಕ್ಕಿ ತಿನ್ನುತ್ತಿದ್ದಳು. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಬರುವಾಗ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು.

"ಅಜ್ಜಿ, ಯು ಪೇಂಟೆಡ್ ಇಟ್, ಸೋ ಆ ಮ್ಯಾನ್‌ಗೆ ಏನೂ ಕಾಣಿಸ್ಲಿಲ್ಲ."

"ಏನ ಕಾಣಿಸ್ಲಿಲ್ಲ?"

"ದ ಬ್ಲ್ಯಾಕ್ ಸ್ಟಫ್. ಅದು ನೋಡ್ಬೇಕಿತ್ತು ಅವ್ನು. ಈಗ ಅವ್ರು ನೋ ಅಂದ್ರು. ವೆಟ್ ಯಾಕಂದ್ರೆ ಪೇಂಟ್, ಅಂಡ್ ಕುಕಿಂಗ್, ಅಂಡ್ ಬಟ್ಟೆ. ಅಮ್ಮ ಕಾರಲ್ಲಿ ಕ್ರೈ ಮಾಡಿದ್ಲು." ಹುಡುಗಿ ಕೆಮ್ಮಿದಳು, ಪಂಪು ಎಳೆದಳು. "ಯು ಕ್ಯಾನ್ ಕೀಪ್ ಮೈ ರೂಮ್, ಅಜ್ಜಿ. ಐ ಡೋಂಟ್ ಮೈಂಡ್."

"ಯಾವ ರೂಮು?"

"ನೀನ್ ಇರೋದು. ಅದು ನಂದು. ದ ಡ್ರೈ ಒನ್."

ಪಾರ್ವತೆವ್ವನ ಕೈ ಅವಲಕ್ಕಿ ಡಬ್ಬಿಯ ಮುಚ್ಚಳದ ಮೇಲೇ ಉಳಿಯಿತು. ಎದ್ದು ಮೇಲೆ ಹೋಗಿ ತನ್ನ ಕೋಣೆಯನ್ನು ಮೊದಲ ಸಲ ಎಂಬಂತೆ ನೋಡಿದಳು. ಮೂರು ಗೋಡೆ ಮನೆಯೊಳಗಿನವೇ, ನಾಲ್ಕನೆಯದರ ತುಂಬ ಕಿಟಕಿ, ಅದೂ ಮಳೆ ಬಡಿಯದ ದಿಕ್ಕಿಗೆ. ಇಡೀ ಮನೆಯಲ್ಲಿ ಒಣಗಿದ್ದ ಒಂದೇ ಒಂದು ಕೋಣೆ. ಅತ್ತೆ ಬರುತ್ತಾಳೆಂದು, ಕೆಮ್ಮಿಗಾಗಿಯೇ ಅಲ್ಲಿ ಮಲಗಿಸಿದ್ದ ಮಗುವನ್ನು ಎಬ್ಬಿಸಿ, ಒಳ್ಳೆಯದನ್ನು ಆಕೆಗೆ ಕೊಟ್ಟು, ಮಗುವನ್ನು ಬೂಷ್ಟಿನ ಪಕ್ಕಕ್ಕೆ ಹಾಕಿದ್ದರು. ಎರಡು ತಿಂಗಳು ಆಕೆ ಅಲ್ಲಿ ಹಾಯಾಗಿ ಮಲಗಿ ಎದ್ದಿದ್ದಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ತನಗೆ ತಾನೇ ಅಂದುಕೊಂಡರೆ ನಗು ಬರಬೇಕಿತ್ತು, ಬರಲಿಲ್ಲ. ಮಂಚದ ಅಂಚಿಗೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಸಂಜೆ ಮಗ ಬಂದಾಗ ನಿಖಿತಾಳ ಹಾಸಿಗೆ, ಗೊಂಬೆ, ಪುಸ್ತಕ ಎಲ್ಲ ನಡುವಿನ ಕೋಣೆಯಲ್ಲಿದ್ದವು. ಪಾರ್ವತೆವ್ವನ ಸೂಟ್‌ಕೇಸು ಹಿಂದಿನ ಕೋಣೆಯಲ್ಲಿತ್ತು.

"ನನಗ ಯಾಕ ಬೈಲಿಲ್ಲ ನೀವು?" ಎಂದು ಆಕೆ ಕೇಳಿದಳು.

"ಬೈದು ಏನ ಮಾಡೂದೈತಿ ಅವ್ವ," ಎಂದ ಉಮಾಶಂಕರ. ಬೃಂದಾ ಚಹಾದ ಕಪ್ಪು ಎತ್ತಿಕೊಂಡು ಹೋದಳು.

ಉಮಾಶಂಕರ ಬಿಟ್ಟಿರಲಿಲ್ಲ. ಹಳೆಯ ಫೋಟೋಗಳನ್ನೆಲ್ಲ ಲಗತ್ತಿಸಿ ಮೇಲ್ಮನವಿ ಹಾಕಿದ್ದ. ಫೆಬ್ರುವರಿಯಲ್ಲಿ ಉತ್ತರ ಬಂತು. ಫೋಟೋ ಸಾಕ್ಷಿಯಾಗುವುದಿಲ್ಲ, ಆದರೆ ಕಡೆಯದಾಗಿ ಇನ್ನೊಮ್ಮೆ ಬಂದು ನೋಡುತ್ತೇವೆ. ಅಲ್ಲಿಯವರೆಗೆ ಒಂದು ತಿಂಗಳು ತೇವದ ಕೋಣೆಗಳನ್ನು ಖಾಲಿ ಇಡಬೇಕು. ಹೀಟರ್ ಹಚ್ಚಿರಬೇಕು, ಕಿಟಕಿ ಬೆರಳಿನಷ್ಟು ತೆರೆದಿರಬೇಕು, ಒಳಗೆ ಯಾರೂ ಮಲಗಬಾರದು, ಏನೂ ಒಣಹಾಕಬಾರದು. ಆಗಲೂ ಗೋಡೆ ಕಪ್ಪಾದರೆ ತಪ್ಪು ಗೋಡೆಯದು. ಜೊತೆಗೊಂದು ತಿಳಿವಳಿಕೆ ಪತ್ರ. ಮನುಷ್ಯ ನಿದ್ದೆಯಲ್ಲಿ ಬಿಡುವ ಉಸಿರಿನಲ್ಲೂ ನೀರಿರುತ್ತದೆ, ಅದು ಹೋಗಿ ಗೋಡೆಯ ಮೇಲೆ ಕೂರುತ್ತದೆ ಎಂದು ಅದರಲ್ಲಿ ಬರೆದಿತ್ತು.

"ಉಸಿರಾಡೂದೂ ತಪ್ಪಂತೇನು?" ಎಂದಳು ಪಾರ್ವತೆವ್ವ.

ಕೆಳಗಿನ ಹಾಲಿನ ಗೋಡೆಯೂ ಬೆವರುವ ಗೋಡೆಯೇ. ಹೀಗಾಗಿ ನಾಲ್ಕೂ ಜನ ಒಣ ಕೋಣೆಗೆ ಬಂದರು. ಎರಡು ಹಾಸಿಗೆ ಹಾಸಿದರೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ, ಒಬ್ಬೊಬ್ಬರೇ ಓರೆಯಾಗಿ ನುಸುಳಬೇಕು. ಅಡಿಗೆ ಒಂದೇ ಹೊತ್ತು, ಒಗ್ಗರಣೆ ಬಂದ್, ಸ್ನಾನ ದಿನ ಬಿಟ್ಟು ದಿನ, ಬಟ್ಟೆ ಒಗೆದು ಒಣಗಿಸಲು ಬೃಂದಾ ಚೀಲ ಹೊತ್ತುಕೊಂಡು ಅಂಗಡಿಯ ಯಂತ್ರಕ್ಕೆ ಹೋಗುತ್ತಿದ್ದಳು. ಸ್ವಂತ ಮನೆಯಲ್ಲಿ ಕಳ್ಳರಂತೆ, ಸದ್ದಿಲ್ಲದೆ, ಹಬೆಯಿಲ್ಲದೆ ಬದುಕುವುದು. ಅತ್ತೆ ಸೊಸೆ ಮೊಣಕೈ ತಾಗುವಷ್ಟು ಹತ್ತಿರ ಮಲಗುತ್ತಿದ್ದರು, ಮಾತು ಮಾತ್ರ ಮಾತ್ರೆ ಚಹಾಗಳನ್ನು ದಾಟುತ್ತಿರಲಿಲ್ಲ.

ಪಾರ್ವತೆವ್ವ ದಿನಕ್ಕೆ ಹತ್ತು ಸಲ ಹಿಂದಿನ ಕೋಣೆಯ ಬಾಗಿಲು ಸಂದಿ ಮಾಡಿ ಗೋಡೆ ನೋಡುತ್ತಿದ್ದಳು. ತಾನೇ ಬಳಿದ ಬಣ್ಣ ಆಕೆಯನ್ನು ಅಣಕಿಸುತ್ತ ಬೆಳ್ಳಗೆ ನಿಂತಿತ್ತು. ಆಯುಷ್ಯವಿಡೀ ಹೊಲಸಿನ ಜೊತೆ ಗುದ್ದಾಡಿದವಳು ಈಗ ಬಾರಪ್ಪಾ ಬಾ ಎಂದು ಹೊಲಸಿಗೆ ಹರಕೆ ಹೊತ್ತಳು. ಹದಿಮೂರನೆಯ ದಿನ ಕಣ್ಣಿಗೆ ಬಿತ್ತು, ನೆಲದ ಪಟ್ಟಿಯ ಮೇಲೆ ಸಾಸಿವೆಯಷ್ಟು ಕಪ್ಪು. "ಬಂತು! ಬೃಂದಾ, ಬಂತು ನೋಡ!" ಎಂದು ಕೂಗಿಕೊಂಡಳು. ಸೊಸೆ ಓಡಿ ಬಂದು ನೆಲಕ್ಕೆ ಕೂತು ನೋಡಿದಳು, ಆದರೆ ಗೋಡೆಗೆ ಮುಟ್ಟದಂತೆ ಕೈ ಹಿಂದೆ ಕಟ್ಟಿಕೊಂಡಿದ್ದಳು. ವಾರದಲ್ಲಿ ಆ ಸಾಸಿವೆ ಅಂಗೈಯಗಲವಾಯಿತು. ಪಾರ್ವತೆವ್ವ ಅದನ್ನು ತೊಟ್ಟಿಲ ಕೂಸಿನಂತೆ ಕಾದಳು.

ಒಣ ಕೋಣೆಗೆ ಬಂದ ಮೊದಲ ದಿನಗಳಲ್ಲಿ ನಿಖಿತಾಳ ಕೆಮ್ಮು ಇಳಿದಿತ್ತು. ಪಂಪು ಒಂದಿಡೀ ದಿನ ಚೀಲದಿಂದ ಹೊರಗೆ ಬಂದಿರಲಿಲ್ಲ. ಮೂರನೆಯ ವಾರಕ್ಕೆ ಮತ್ತೆ ಶುರುವಾಯಿತು. ಪಾರ್ವತೆವ್ವನಿಗೂ ಎದೆಯಲ್ಲಿ ಗೊರಗೊರ. ಬೆಳಿಗ್ಗೆ ಎದ್ದರೆ ಕಿಟಕಿಯ ಗಾಜು ಒಳಗಿನಿಂದ ಸುರಿಯುತ್ತಿತ್ತು. ಆಕೆ ಟವೆಲ್ಲಿನಿಂದ ಒರೆಸಿ ಹಿಂಡುತ್ತಿದ್ದಳು, ನಾಲ್ಕು ಜನರ ಉಸಿರು ಬಕೆಟ್ಟಿನ ತಳ ಮುಚ್ಚುವಷ್ಟಾಗುತ್ತಿತ್ತು.

ಮಾರ್ಚಿನ ನಡುವಿಗೆ ಎರಡನೆಯ ತಪಾಸಣೆ. ಅವತ್ತು ಬೃಂದಾ, ಉಮಾಶಂಕರ ಇಬ್ಬರೂ ರಜೆ ಹಾಕಿದ್ದರು. ಅವನು ಮಗಳನ್ನು ಶಾಲೆಗೆ ಬಿಡಲು ಹೋದಾಗ ಪಾರ್ವತೆವ್ವ ಒಣ ಕೋಣೆಯ ಹಾಸಿಗೆ ಸುತ್ತುತ್ತಿದ್ದಳು. ನಿಖಿತಾಳ ತಲೆದಿಂಬು ಎತ್ತಿದಳು, ಅಲ್ಲೇ ನಿಂತಳು. ದಿಂಬು ತಾಗುತ್ತಿದ್ದ ಮೂಲೆಯಲ್ಲಿ, ಕಿಟಕಿಯ ಕೆಳಗೆ, ಕಪ್ಪು ಚುಕ್ಕೆಗಳ ಸಾಲು.

ಆಕೆ ಬಾಗಿಲಿನತ್ತ ತಿರುಗಿದಳು. ಬೃಂದಾ ಅಲ್ಲಿದ್ದಳು, ಅವಳೂ ನೋಡಿದ್ದಳು. ಇಬ್ಬರಿಗೂ ತಿಳಿಯಿತು. ತುಂಬಿದ ಗೋಡೆಯ ಹಂಗಿಲ್ಲದೆ, ಮಳೆಯ ಹಂಗಿಲ್ಲದೆ, ಒಣ ಕೋಣೆಯಲ್ಲೂ ಬೂಷ್ಟು ಬಂದರೆ ಕಂಪನಿ ಹೇಳಿದ್ದೇ ನಿಜವಾಯಿತು. ಇದು ಇವರ ಉಸಿರಿನದು ಎಂದು ಬರೆದುಕೊಂಡು ಹೋದರೆ ಮೇಲ್ಮನವಿಗೆ ಮೇಲ್ಮನವಿಯಿಲ್ಲ.

ಬೃಂದಾ ಕೆಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಬ್ಲೀಚ್ ಬಾಟಲಿ, ಒಂದು ಬಟ್ಟೆ.

"ತಗೊಳ್ಳಿ ಅತ್ತೆ," ಎಂದಳು. ದನಿ ಈಗ ಮೆಲ್ಲಗಿರಲಿಲ್ಲ. "ಅವತ್ತು ಬೇಡ ಅಂದಾಗ ಅಷ್ಟು ಚೆನ್ನಾಗಿ ತಿಕ್ಕಿದ್ರಲ್ಲ. ಈಗ ತಿಕ್ಕಿ. ನನ್ನ ಮಗಳು ಎರಡು ವರ್ಷದಿಂದ ಕೆಮ್ತಿದಾಳೆ, ನೀವೊಂದೇ ಬೆಳಿಗ್ಗೇಲಿ ಎಲ್ಲಾ ಅಳಿಸಿ ಹಾಕಿದ್ರಿ. ಈಗ ಇದನ್ನೂ ಅಳಿಸಿ."

ಪಾರ್ವತೆವ್ವ ಬಟ್ಟೆ ಇಸಿದುಕೊಂಡಳು. ಎರಡು ತಿಂಗಳಿಂದ ಕಾಯುತ್ತಿದ್ದ ಬೈಗುಳ ಅದು. ಬಿದ್ದ ಮೇಲೆ ಎದೆ ಹಗುರಾಯಿತು, ಉರಿಯಿತು ಕೂಡ. ಮೊಣಕಾಲೂರಿ ತಿಕ್ಕಿದಳು. ಬೃಂದಾ ಪಕ್ಕದಲ್ಲೇ ಕೂತು ಒಣ ಟವೆಲ್ಲಿನಿಂದ ಒತ್ತಿದಳು. ಇಬ್ಬರೂ ಕಳವು ಮುಚ್ಚುವವರಂತೆ ದುಡಿಯುತ್ತಿದ್ದಾಗ ಹೊರಗೆ ವ್ಯಾನು ನಿಂತ ಸದ್ದಾಯಿತು.

ಈ ಸಲ ಬಂದದ್ದು ನಡುವಯಸ್ಸಿನ ಹೆಂಗಸು. ಮಾತು ಕಡಿಮೆ. ಚಹಾ ಬೇಡವೆಂದಳು, ಪಾರ್ವತೆವ್ವನೂ ಎರಡನೆಯ ಸಲ ಕೇಳಲಿಲ್ಲ. ಒಳಗೆ ಬರುವ ಮೊದಲೇ ಆ ಹೆಂಗಸು ಏಣಿ ಹಾಕಿ ಹೊರಗಿನ ಗೋಡೆಗೆ ಡ್ರಿಲ್ಲು ಹಿಡಿದಳು. ಬೆರಳು ತೂರುವಷ್ಟು ತೂತು. ಅದರೊಳಗೆ ಕೊಕ್ಕೆ ತಂತಿ ಬಿಟ್ಟು ಎಳೆದಳು. ಕಂದು ಬಣ್ಣದ ಉಂಡೆಯೊಂದು ಬಂತು, ಹಿಂಡಿದರೆ ಕೈಗವಸಿನ ಬೆರಳುಗಳ ನಡುವಿಂದ ನೀರು ಸುರಿಯಿತು. ಅವಳು ಅಡಿಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು, ಅಷ್ಟರಲ್ಲಿ ಮರಳಿ ಬಂದಿದ್ದ ಉಮಾಶಂಕರನಿಗೆ ಎರಡೇ ಮಾತು ಹೇಳಿದಳು. ಹಿಂದಿನ ಕೋಣೆಯ ಕಪ್ಪು ಗೋಡೆಯನ್ನು ಬಾಗಿಲಲ್ಲೇ ನಿಂತು ನೋಡಿದಳು, ಮುಂದಿನದನ್ನೂ ನೋಡಿದಳು. ಒಣ ಕೋಣೆಯತ್ತ ತಲೆಯನ್ನೂ ಹಾಕಲಿಲ್ಲ.

ಅವಳು ಹೋದ ಮೇಲೆ ಉಮಾಶಂಕರ, "ಒಪ್ಪಿದ್ರು ಅವ್ವ, ಎಲ್ಲಾ ತಗೀತಾರಂತ," ಎಂದು ಕುರ್ಚಿಯಲ್ಲಿ ಕುಸಿದ. ಬೃಂದಾ ಅತ್ತೆಯ ಮುಖ ನೋಡಿದಳು. ಸುಮ್ಮನೆ ತಿಕ್ಕಿದ್ದೆವಲ್ಲ ಎಂದು ಅವಳಿಗೆ ನಗು ಬಂತು, ನಗುತ್ತಲೇ ಪಾರ್ವತೆವ್ವನ ಹೆಗಲಿಗೆ ತಲೆಯಿಟ್ಟು ಬಿಕ್ಕಿದಳು. "ಸಾರಿ ಅತ್ತೆ," ಎಂದಳು.

"ಸುಮ್ಕಿರು ತಂಗಿ. ಜನವರಿಯಾಗ ಬೈಬೇಕಾಗಿತ್ತು ನೀನು. ತಡಾ ಮಾಡಿದಿ."

ಆಮೇಲೆ ಆಕೆ ಮಗನನ್ನು ಕೇಳಿದಳು, "ಯಾವಾಗ ತಗೀತಾರಂತ?"

"ಪಾಳಿ ಐತೆವ್ವ. ಗ್ವಾಡಿ ಒಣಗೂ ಕಾಲಕ್ಕ ಮಾಡ್ತಾರಂತ. ಸೆಪ್ಟೆಂಬರ್."

ಸೆಪ್ಟೆಂಬರ್. ಪಾರ್ವತೆವ್ವ ಬೆರಳು ಮಡಚಿದಳು. ಆರು ತಿಂಗಳು. ಅಲ್ಲಿಯವರೆಗೆ ಗೋಡೆಯಲ್ಲಿ ಅದೇ ತೊಯ್ದ ಗಾದಿ, ಮನೆಯಲ್ಲಿ ಅದೇ ಒಂದು ಒಣ ಕೋಣೆ.

"ಪರೀಕ್ಷೆ ಮುಗೀತಲ್ಲ," ಎಂದಳು ಬೃಂದಾ ಕಣ್ಣೊರೆಸಿಕೊಂಡು. "ನಾವಿಬ್ರೂ ಮುಂದಿನ ರೂಮಿಗೆ ಹೋಗ್ತೀವಿ ಅತ್ತೆ. ನೀವೂ ನಿಖಿತಾನೂ ಒಣ ರೂಮಲ್ಲೇ ಇರಿ."

"ಇಬ್ರು ಮಲಗಿದ್ರೂ ಆ ಕೋಣಿಗೆ ಜಾಸ್ತೀನ, ಉಸಿರಿಗೆ ಮತ್ತ ಬೂರಸು ಬರತೈತಿ. ಹಿಂದಿನ ಕೋಣಿಗೆ ನಾ ಹೋಗ್ತೀನಿ."

"ಬ್ಯಾಡವ್ವ," ಎಂದ ಉಮಾಶಂಕರ ತಟ್ಟನೆ. "ನಿನ್ನ ಎದಿ ಈಗ ಗೊರಗೊರ ಅನ್ನಾಕತ್ತೈತಿ. ಅಲ್ಲಿ ಮಲಗಿದ್ರ ನಿಮೋನಿಯಾನ."

ಹಿಂದಿನ ಕೋಣೆಗೆ ಹೋದರೆ ತನಗೆ ಕೇಡು, ಒಣ ಕೋಣೆಯಲ್ಲಿದ್ದರೆ ಮಗುವಿಗೆ ಕೇಡು. ಮೂರನೆಯ ಬಾಗಿಲು ಒಂದೇ ಇತ್ತು. ಆ ಬಾಗಿಲನ್ನು ತಾನೇ ತೆರೆಯಬೇಕು, ಅವರಿಂದ ಆಗದು ಎಂದು ಆಕೆಗೆ ಗೊತ್ತಾಯಿತು.

"ಹಂಗಾದ್ರ ನನ್ನ ಮೇ ತಿಂಗಳ ಟಿಕೆಟ್ ಬದಲಿ ಮಾಡ್ಸು, ಈಗ ಊರಿಗೆ ಹೋಗ್ತೀನಿ. ಕೂಸು ಒಬ್ಬಾಕೆನ ಮಲಗಿದ್ರ ಆ ಕೋಣಿ ಒಣಾ ಉಳಿತೈತಿ."

ಹೇಳಿ, ಕಾದಳು. ಖಾನಾವಳಿಯಲ್ಲಿ ಹೊಟ್ಟೆ ತುಂಬಿ ಎದ್ದವನಿಗೂ ಇನ್ನೊಂದು ರೊಟ್ಟಿ, ಇನ್ನೊಂದೇ ಎಂದು ಮೂರು ಸಲ ಒತ್ತಾಯ ಮಾಡಿದವಳು ಆಕೆ. ಹೊರಟು ನಿಂತವರಿಗೆ ಇರಿ ಅನ್ನುವುದು, ನಿಲ್ಲಲಿ ಬಿಡಲಿ, ನಮ್ಮ ಮಂದಿಯ ರೀತಿ. ಹುಟ್ಟುಹಬ್ಬ ಮುಗಿಸಿಕೊಂಡು ಹೋಗವ್ವ ಎಂದು ಒಂದು ಮಾತು, ಬಾಯಿಮಾತಿಗಾದರೂ, ಬರಬಹುದು ಅಂದುಕೊಂಡಳು.

ಬೃಂದಾ ಬಾಯಿ ತೆರೆದಳು. ಮೇಲಿನ ಒಣ ಕೋಣೆಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಉಮಾಶಂಕರ ಮೇಜಿನ ಮೇಲಿನ ತೊಯ್ದ ಉಂಡೆಯನ್ನು ನೋಡುತ್ತ ಕೂತಿದ್ದ. ಆಮೇಲೆ ಫೋನು ತೆಗೆದು, ಕನ್ನಡಕ ಏರಿಸಿ, ತಾಯಿಯ ಮುಖ ತಪ್ಪಿಸಿ ವಿಮಾನ ಹುಡುಕತೊಡಗಿದ.

"ಮಂಗಳವಾರ ಒಂದೈತಿ, ಅವ್ವ," ಎಂದ.